ಬಾಗಿಲ ಮೇಲಿನ ಬೋರ್ಡು

ಟೆಕ್ಸಾಸ್‌ಗೆ ಬಂದ ಹೊಸದರಲ್ಲಿ ಅಂಗಡಿ ಬಾಗಿಲಿಗೆ ಅಂಟಿಸಿದ್ದ ಉದ್ದನೆಯ ಬೋರ್ಡನ್ನು ಯಾವುದೋ ಆಫರ್ ಅಂದುಕೊಂಡಿದ್ದೆ. ಇವತ್ತು ಮೊಸರು ತರಲು ಹೋದಾಗ ನಿಂತು ಪೂರ್ತಿ ಓದಿದೆ. ಸೆಕ್ಷನ್ 30.07. ಪಿಸ್ತೂಲು ಕಾಣುವಂತೆ ಇಟ್ಟುಕೊಂಡು ಒಳಗೆ ಬರಬೇಡಿ ಅಂತ. ಇಂಗ್ಲಿಷ್, ಸ್ಪ್ಯಾನಿಷ್ ಎರಡರಲ್ಲೂ ಇರಬೇಕು, ಅಕ್ಷರ ಕನಿಷ್ಠ ಒಂದಿಂಚು ಎತ್ತರ ಇರಬೇಕು ಅಂತ ಕಾನೂನೇ ಹೇಳುತ್ತದೆ. ಅಕ್ಷರದ ಅಳತೆಗೆ ಇಷ್ಟು ಕಟ್ಟುನಿಟ್ಟು! ಪಿಸ್ತೂಲು ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಲು ಮಾತ್ರ, 21 ತುಂಬಿದ ಹೆಚ್ಚಿನವರಿಗೆ, 2021ರ ಸೆಪ್ಟೆಂಬರ್‌ನಿಂದ ಲೈಸೆನ್ಸೇ ಬೇಡ.

ಪಕ್ಕದ ಮನೆಯ ಅಜ್ಜನ ಹತ್ತಿರ ನಾಲ್ಕು ಗನ್ ಇವೆ. ಒಳ್ಳೇ ಮನುಷ್ಯ, ನಾವು ಊರಲ್ಲಿಲ್ಲದಾಗ ನಮ್ಮ ಗಿಡಕ್ಕೆ ನೀರು ಹಾಕುತ್ತಾರೆ. ಅಮೆರಿಕ ಸಂವಿಧಾನದ ಎರಡನೇ ತಿದ್ದುಪಡಿಯ ಮಾತು ಬಂದರೆ ಮಾತ್ರ ಬಿಡುವುದಿಲ್ಲ. 1791ರ ಒಂದೇ ವಾಕ್ಯ ಅದು, 27 ಪದ. ಮೊದಲರ್ಧ ನಾಗರಿಕ ಪಡೆಯ ಬಗ್ಗೆ, ಉಳಿದದ್ದು ಜನರು ಆಯುಧ ಇಟ್ಟುಕೊಳ್ಳುವ ಹಕ್ಕಿನ ಬಗ್ಗೆ. ಯಾವ ಅರ್ಧಕ್ಕೆ ತೂಕ ಜಾಸ್ತಿ ಅನ್ನುವುದೇ ಜಗಳ. ಆತ್ಮರಕ್ಷಣೆಗೆ ಮನೆಯಲ್ಲಿ ಗನ್ ಇಟ್ಟುಕೊಳ್ಳುವುದು ವ್ಯಕ್ತಿಯ ಹಕ್ಕು ಅಂತ 2008ರಲ್ಲಿ ಸುಪ್ರೀಂ ಕೋರ್ಟ್ 5-4ರಲ್ಲಿ ಹೇಳಿತು. ಈ ಹಕ್ಕಿಗೂ ಮಿತಿ ಇದೆ ಅಂತ ಅದೇ ತೀರ್ಪಿನಲ್ಲಿದೆ. ಅಜ್ಜ ಆ ಪುಟ ಓದಿದಂತಿಲ್ಲ.

ಯುವಾಲ್ಡಿ ಅನ್ನುವ ಊರು ನಮ್ಮಿಂದ ಕೆಲವೇ ಗಂಟೆ ದಾರಿ. 2022ರ ಮೇ 24ರಂದು ಅಲ್ಲಿನ ಶಾಲೆಯಲ್ಲಿ ಗುಂಡಿನ ದಾಳಿಗೆ 19 ಮಕ್ಕಳು, ಇಬ್ಬರು ಟೀಚರ್ ಸತ್ತರು. ಆ ಹೆಸರೆತ್ತಿದರೆ ಅಜ್ಜ ಸುಮ್ಮನಾಗುತ್ತಾರೆ. ನಾನೂ.

ಮೊನ್ನೆ ಮಗಳು ಶಾಲೆಯಿಂದ ಬಂದವಳೇ ಬ್ಯಾಗ್ ಬಿಸಾಕಿ ಹೇಳಿದಳು: "ಅಮ್ಮಾ, ಗನ್ ಹಿಡ್ಕೊಂಡು ಯಾರಾದ್ರೂ ಬಂದ್ರೆ ಅಂತ ಇವತ್ತು ಪ್ರಾಕ್ಟೀಸ್, ಲೈಟ್ ಆರಿಸಿ ಎಲ್ಲರೂ ಮೂಲೆಯಲ್ಲಿ ಕೂತಿದ್ವಿ. ನಂಗೆ ಸೀನು ಬಂತು, ತಡ್ಕೊಂಡೆ."