ಮಿರ್ಚಿ, ಒಗ್ಗರಣೆ ಮತ್ತು ನ್ಯಾಟೋ

ರಾಯಚೂರು ಕೋಟೆಯ ಹತ್ತಿರ ನಿನ್ನೆ ಸಂಜೆ ಮಿರ್ಚಿ ತಿನ್ನುತ್ತಿದ್ದಾಗ ಗೆಳೆಯ ಕೇಳಿದ: ‘ಯಾವ ಬಣಕ್ಕೂ ಸೇರದ ಅಲಿಪ್ತ ಭಾರತ, ಅಮೆರಿಕ-ಯುರೋಪ್ ದೇಶಗಳ ಸೇನಾ ಕೂಟವಾದ ನ್ಯಾಟೋ ಜೊತೆ ವ್ಯವಹರಿಸಬಹುದೇ?’ ಮಾತುಕತೆಯಾಡಲಿ, ತಪ್ಪೇನು? 1961ರಲ್ಲಿ ಬೆಲ್‌ಗ್ರೇಡ್‌ನಲ್ಲಿ ಅಲಿಪ್ತ ಚಳವಳಿ ಕಟ್ಟಿದವರಲ್ಲಿ ಒಬ್ಬರಾದ ನಾವೇ 1971ರಲ್ಲಿ ಸೋವಿಯತ್ ಒಕ್ಕೂಟದೊಡನೆ ಒಪ್ಪಂದ ಮಾಡಿಕೊಂಡೆವು. (ಆಗ ಅದು ಬೇಕಿತ್ತು, ಬಿಡಿ.) ಸದಸ್ಯತ್ವದ ಮಾತು ಬೇರೆ. ನ್ಯಾಟೋ ಒಪ್ಪಂದದ ಹತ್ತನೆಯ ವಿಧಿ ಹೊಸದಾಗಿ ಆಹ್ವಾನಿಸುವುದು ಯುರೋಪಿನ ದೇಶಗಳನ್ನು ಮಾತ್ರ. ಕರೆಯದ ಮದುವೆಗೆ ಹೋಗಬೇಕೋ ಬೇಡವೋ ಎಂದು ನಾವಿಬ್ಬರೂ ಅರ್ಧ ಗಂಟೆ ಜಗಳವಾಡಿದ್ದೆವು!

ಗೆಳೆಯ ಸುಮ್ಮನಾಗಲಿಲ್ಲ. ದಖ್ಖನಿನ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುತ್ತಿದ್ದ ವಿಜಯನಗರದ ಅಳಿಯ ರಾಮರಾಯನ ಮೇಲೆ 1565ರಲ್ಲಿ ಅವರೆಲ್ಲ ಒಂದಾಗಿ ಬಿದ್ದದ್ದನ್ನು ನೆನಪಿಸಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಇನ್ನೊಂದು ಪ್ಲೇಟ್ ಒಗ್ಗರಣೆ ಹೇಳಿದೆ.