ಮಳೆಗಾಲದಲ್ಲಿ ಆಡಿನ ಹಾಲು ಇಳಿದರೆ

ಕೊಡಗಿನಲ್ಲಿ ಮಳೆ ಹಿಡಿದ ಮೇಲೆ ಆಡಿನ ಹಾಲು ಇಳಿದರೆ, ಇದು ಮಾಮೂಲಿ ಅಂತ ಬಿಡುವವರೇ ಜಾಸ್ತಿ. ದಯವಿಟ್ಟು ಬಿಡಬೇಡಿ. ಮರಿ ಹಾಕಿ 6ರಿಂದ 8 ವಾರಕ್ಕೆ ಹಾಲು ಏರಿ ಆಮೇಲೆ ನಿಧಾನಕ್ಕೆ ಇಳಿಯುವುದು ಸಹಜ. ಆದರೆ ಒಂದೆರಡು ದಿನದಲ್ಲೇ ಅರ್ಧಕ್ಕೆ ಬಂದರೆ ಏನೋ ಕಾರಣ ಇದೆ.

ನಾನು ಮೊದಲು ನೋಡುವುದು ಕಣ್ಣು. ಕೆಳಗಿನ ರೆಪ್ಪೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಎಳೆಯಿರಿ, ಒಳಗೆ ಕೆಂಪಗಿರಬೇಕು. ಬಿಳಚಿಕೊಂಡಿದ್ದರೆ ರಕ್ತ ಹೀರುವ ಜಂತುಹುಳದ ಅನುಮಾನ ಪಡಿ, ಯಾಕೆಂದರೆ ಅದರ ಮರಿಗಳು ಒದ್ದೆ ಹುಲ್ಲಿನ ಮೇಲೆ ಹತ್ತಿ ಕೂತಿರುತ್ತವೆ, ಬೆಳಿಗ್ಗೆ ಬೇಗ ಮೇಯಲು ಬಿಟ್ಟರೆ ನೇರ ಹೊಟ್ಟೆಗೇ ಹೋಗುತ್ತವೆ. ಸುಮ್ನೆ ಅಂದಾಜಿಗೆ ಔಷಧಿ ಕುಡಿಸಬೇಡಿ, ಹಿಕ್ಕೆಯನ್ನು ಪಶು ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಹಲಸಿನ ಸೊಪ್ಪು, ತೋಟದ ಹಾಲುವಾಣದ ಸೊಪ್ಪು ಎತ್ತರಕ್ಕೆ ಕಟ್ಟಿ ಕೊಡಿ. ಬೋರ್ಡೋ ದ್ರಾವಣ (ರೋಗಕ್ಕೆ ಅಂತ ತೋಟಕ್ಕೆ ಹೊಡೆಯುವ ಮೈಲುತುತ್ತ-ಸುಣ್ಣದ ನೀರು) ಬಿದ್ದ ಸೊಪ್ಪು ಮಾತ್ರ ಬೇಡವೇ ಬೇಡ.

ನೀರನ್ನೂ ಗಮನಿಸಿ. ಹಾಲಿನಲ್ಲಿ ಮುಕ್ಕಾಲಿಗಿಂತ ಜಾಸ್ತಿ ನೀರೇ ಅಲ್ವಾ? ಈ ಚಳಿಗೆ ಆಡು ತಣ್ಣೀರು ಸರಿಯಾಗಿ ಕುಡಿಯುವುದಿಲ್ಲ, ಉಗುರುಬೆಚ್ಚಗೆ ಮಾಡಿಕೊಟ್ಟರೆ ಕುಡಿಯುತ್ತದೆ.

ಕೆಚ್ಚಲು ಒಂದು ಕಡೆ ಬಿಸಿಯಾಗಿ ಗಟ್ಟಿಯಾಗಿದ್ದರೆ, ಕರೆಯುವಾಗ ಮೊದಲು ಬರುವ ಹಾಲಿನಲ್ಲಿ ಗರಣೆ ಕಂಡರೆ, ಅದು ಕೆಚ್ಚಲು ಬಾವು. ಮನೆಮದ್ದು ಅಂತ ಕಾಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.