ಕೆಟ್ಟ ಹವೆ, ಒಂದೇ ಸರೋವರ: ಒಂಬತ್ತು ಸಲ ಹೋಗಿ ಬಂದ ಲೆಕ್ಕ

ನಿನ್ನೆ ಒಂಬತ್ತನೇ ಸಲ ಹೋಗಿ ಬಂದೆ. ಬೂಟಿನೊಳಗೆ ಹಳೇ ಪೇಪರ್ ತುರುಕಿ ಒಣಗಲು ಇಟ್ಟಿದ್ದೇನೆ. ಬೆರಳಿಗೆ ಈಗಷ್ಟೇ ಜೀವ ಬಂದ ಹಾಗಿದೆ. ಮರೆಯುವ ಮುಂಚೆ ಇಲ್ಲಿಯವರೆಗಿನದನ್ನು ಬರೆದಿಟ್ಟುಬಿಡೋಣ ಅಂತ ಕೂತೆ.

ಹಚ್ಚಿಕೊಂಡ ಕೆಲಸ ಇಷ್ಟೇ. ಬೆಟ್ಟಗಳ ನಡುವಿನ ಒಂದೇ ಸರೋವರ. ಹವೆ ಕೆಟ್ಟಾಗ ಮಾತ್ರ ಹೋಗಬೇಕು. ಗೋಡೆಗೆ ಹಾಕುವಂಥ ಹನ್ನೆರಡು ಫೋಟೋ ಆಗುವವರೆಗೂ ಬಿಡಬಾರದು. ನೀಲಿ ಆಕಾಶ, ಕನ್ನಡಿಯಂಥ ನೀರು, ಅದರೊಳಗೆ ತಲೆಕೆಳಗಾದ ಬೆಟ್ಟ, ಇಂಥವು ನನ್ನ ಹತ್ತಿರ ರಾಶಿ ಬಿದ್ದಿವೆ. ಚೆನ್ನಾಗೇ ಇವೆ. ಆದರೆ ಯಾವುದು ಯಾವ ದಿನದ್ದು ಅಂದರೆ ನನಗೇ ಗೊತ್ತಾಗಲ್ಲ. ಹನ್ನೆರಡರಲ್ಲಿ ಇಲ್ಲಿಯವರೆಗೆ ಗಿಟ್ಟಿದ್ದು ನಾಲ್ಕು.

ಮೊದಲ ಮೂರು ಸಲ

ಮೊದಲ ಸಲ ಮಂಜು. ನೀರು ಯಾವ ಕಡೆಗಿದೆ ಅಂತ ಸದ್ದು ಕೇಳಿ ಗೊತ್ತಾಯಿತೇ ಹೊರತು ಕಣ್ಣಿಗೆ ಕಾಣಲಿಲ್ಲ. ಎರಡು ಗಂಟೆ ಕಾದು ವಾಪಸ್ ಬಂದೆ.

ಎರಡನೇ ಸಲ ಜಡಿಮಳೆ, ಗಾಳಿ ಎದುರಿನಿಂದ. ಹತ್ತಿರದ ಕಲ್ಲೂ ದೂರದ ಬೆಟ್ಟವೂ ಸ್ಪಷ್ಟವಾಗಿ ಬರಲಿ ಅಂತ ಅಗಲದ ಲೆನ್ಸಿನಲ್ಲಿ ಅಪರ್ಚರನ್ನು, ಅಂದರೆ ಬೆಳಕು ಒಳಬರುವ ಕಿಂಡಿಯನ್ನು, ಎಫ್/16ಕ್ಕೆ ಕಿರಿದು ಮಾಡಿದ್ದೆ (ಎಫ್ ಸಂಖ್ಯೆ ಹೆಚ್ಚಾದಷ್ಟೂ ಕಿಂಡಿ ಕಿರಿದು). ಕ್ಯಾಮೆರಾದ ಪುಟ್ಟ ಪರದೆಯಲ್ಲಿ ನೋಡಿ ಖುಷಿಪಟ್ಟಿದ್ದೇ ಬಂತು. ಮನೆಯಲ್ಲಿ ದೊಡ್ಡದು ಮಾಡಿ ನೋಡಿದರೆ ಪ್ರತಿ ಫೋಟೋದಲ್ಲೂ ಬೂದು ಬೊಟ್ಟುಗಳು. ಅಪರ್ಚರ್ ಕಿರಿದಾದಷ್ಟೂ ಲೆನ್ಸಿನ ಮೇಲೆ ಕೂತ ಹನಿ ಎದ್ದು ಕಾಣುತ್ತದೆ. ಅಗಲದ ಲೆನ್ಸಿನಲ್ಲಂತೂ ಇನ್ನೂ ಜಾಸ್ತಿ. ಈಗ ಎಫ್/8, ಹೆಚ್ಚೆಂದರೆ ಎಫ್/11. ಅದಕ್ಕಿಂತ ಮುಂದೆ ಹೋಗುವುದಿಲ್ಲ.

ಮೂರನೇ ಸಲ ಟ್ರೈಪಾಡ್ ಕೈಕೊಟ್ಟಿತು. ಬಿದ್ದಿದ್ದರೆ ಗೊತ್ತಾದರೂ ಆಗುತ್ತಿತ್ತು. ನೋಡಲು ಬಂಡೆಯ ಹಾಗೆ ನಿಂತಿತ್ತು, ಒಳಗೊಳಗೇ ನಡುಗುತ್ತಿತ್ತು. ಫೋಟೋದಲ್ಲಿ ಪ್ರತಿ ಕಲ್ಲಿನ ಅಂಚಿಗೂ ಒಂದು ನೆರಳುಗೆರೆ. ತಪ್ಪು ನನ್ನದೇ. ಭಾರ ಇರಲಿ ಅಂತ ನಡುಗಂಬದ ಕೊಕ್ಕೆಗೆ ಬ್ಯಾಗು ತೂಗುಹಾಕಿದ್ದೆ. ಗಾಳಿಗೆ ಅದು ತೊಟ್ಟಿಲಿನ ಹಾಗೆ ತೂಗಿ ಟ್ರೈಪಾಡನ್ನೂ ಅಲ್ಲಾಡಿಸಿತ್ತು. ಈಗ ಬ್ಯಾಗಿನ ತಳ ನೆಲಕ್ಕೆ ತಾಗುವ ಹಾಗೆ ಕಟ್ಟುತ್ತೇನೆ. ನಡುಗಂಬ ಎತ್ತುವುದೇ ಇಲ್ಲ. ಕಾಲಿನ ದಪ್ಪ ಭಾಗ ಮಾತ್ರ ಬಿಚ್ಚಿ, ಮಂಡಿಯೂರಿ ಕೂತು ತೆಗೆಯುತ್ತೇನೆ. ಮಂಡಿ ನೋಯುತ್ತದೆ, ಫೋಟೋ ನಡುಗುವುದಿಲ್ಲ. ಕ್ಯಾಮೆರಾದ ಪಟ್ಟಿಯನ್ನೂ ಬಿಚ್ಚಿಡಬೇಕು. ಗಾಳಿಗೆ ಅದು ಪಟಪಟ ಹೊಡೆದುಕೊಳ್ಳುವುದೂ ಸಾಕು, ಫೋಟೋ ಕೆಡೋದಕ್ಕೆ.

ನಾಲ್ಕನೇ ಸಲ: ಯಾವ ದಡ?

ನನ್ನ ಲೆಕ್ಕಾಚಾರ ಬದಲಾಗಿದ್ದು ಇಲ್ಲಿ. ಅಲ್ಲಿಯವರೆಗೆ ಬೆಟ್ಟ ಚೆನ್ನಾಗಿ ಕಾಣುವ ಜಾಗ ಹುಡುಕುತ್ತಿದ್ದೆ. ಅವತ್ತು ಎರಡನೇ ಸಲದ ಪಾಠ ನೆನಪಿಟ್ಟುಕೊಂಡು ಗಾಳಿಗೆ ಬೆನ್ನು ಮಾಡಿ ನಿಂತೆ. ಲೆನ್ಸು ಒಣಗಿಯೇ ಇತ್ತು, ಆರಾಮಾಗಿ ತೆಗೆದೆ. ಎಲ್ಲ ಫೋಟೋನೂ ಸಪ್ಪೆ!

ಕಾರಣ ಹೊಳೆಯಲು ಒಂದು ವಾರ ಬೇಕಾಯಿತು. ಗಾಳಿ ನೀರಿನ ಮೇಲೆ ಎಷ್ಟು ದೂರ ಓಡುತ್ತದೋ ಅಲೆ ಅಷ್ಟು ಬೆಳೆಯುತ್ತದೆ. ಬೆನ್ನಿಗೆ ಗಾಳಿ ಇದ್ದರೆ ನಾನು ನಿಂತಿರುವುದು ಗಾಳಿ ಹೊರಡುವ ದಡದಲ್ಲಿ. ಅಲ್ಲಿ ಕಾಲಬುಡದ ನೀರು ಸುಮ್ನೆ ಮಲಗಿರುತ್ತದೆ, ಒಂದಿಷ್ಟು ನಿರಿಗೆ ಬಿಟ್ಟರೆ ಏನಿಲ್ಲ. ಅಬ್ಬರವೆಲ್ಲ ಆಚೆ ದಡದಲ್ಲಿ, ಗಾಳಿ ಹೋಗಿ ಬಡಿಯುವ ಕಡೆ. ನನ್ನ ಫೋಟೋಗಳಲ್ಲಿ ಮೇಲೆ ಆಕಾಶ ಅಷ್ಟು ಕೂಗಾಡುತ್ತಿತ್ತು, ಕೆಳಗೆ ನೀರು ಕೊಳದ ಹಾಗೆ. ಎರಡಕ್ಕೂ ಸಂಬಂಧವೇ ಇರಲಿಲ್ಲ.

ಅಂದರೆ ಲೆನ್ಸು ಒಣಗಿರುವ ಕಡೆ ಫೋಟೋ ಇಲ್ಲ, ಫೋಟೋ ಇರುವ ಕಡೆ ಲೆನ್ಸು ಒಣಗಿರಲ್ಲ. ಈ ಜಗಳ ಇನ್ನೂ ಮುಗಿದಿಲ್ಲ. ಸದ್ಯಕ್ಕೆ ಮಾಡಿಕೊಂಡ ರಾಜಿ ಹೀಗಿದೆ. ಗಾಳಿ ಬಡಿಯುವ ದಡಕ್ಕೇ ಹೋಗುತ್ತೇನೆ, ಆದರೆ ಗಾಳಿಗೆ ನೇರ ಮುಖ ಕೊಡುವುದಿಲ್ಲ. ಕೆನ್ನೆಗೆ ಬೀಳುವ ಹಾಗೆ ಓರೆಯಾಗಿ ನಿಲ್ಲುತ್ತೇನೆ. ಲೆನ್ಸಿಗೆ ಹುಡ್, ಕ್ಯಾಮೆರಾಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಟೋಪಿ. ಒರೆಸುವ ಬಟ್ಟೆ ಒಂದಲ್ಲ, ಐದು, ಗಾಳಿಯಾಡದ ಚೀಲದಲ್ಲಿ. ಒದ್ದೆ ಬಟ್ಟೆಯಿಂದ ಒರೆಸಿದರೆ ಹನಿ ಹೋಗಿ ಮಸುಕು ಬರುತ್ತದೆ, ಅಷ್ಟೇ. ಎಡಗೈಯಲ್ಲಿ ಬಟ್ಟೆ ಲೆನ್ಸಿಗೆ ಅಡ್ಡ ಹಿಡಿದಿರುವುದು, ಅಲೆ ಬಂದಾಗ ತೆಗೆಯುವುದು, ಬಲಗೈಯ ರಿಮೋಟ್ ಒತ್ತುವುದು, ಮತ್ತೆ ಮುಚ್ಚುವುದು. ದೂರದಿಂದ ನೋಡಿದವರಿಗೆ ಏನೋ ಪೂಜೆ ನಡೀತಿದೆ ಅನ್ನಿಸಬೇಕು.

ಗಾಳಿ ಎಷ್ಟಿರಬೇಕು ಅನ್ನುವುದಕ್ಕೂ ಒಂದು ಅಂದಾಜು ಸಿಕ್ಕಿದೆ. 1805ರಲ್ಲಿ ಬ್ಯೂಫೋರ್ಟ್ ಅನ್ನುವ ನೌಕಾಧಿಕಾರಿ ಸಮುದ್ರದ ಗಾಳಿಗೆ ಮಾಡಿದ ಅಳತೆಪಟ್ಟಿ ಇದೆಯಲ್ಲ, ಅದರಲ್ಲಿ 3ನೇ ಮಟ್ಟ ಅಂದರೆ ಗಂಟೆಗೆ 12ರಿಂದ 19 ಕಿಲೋಮೀಟರ್. ಅಲೆಯ ತುದಿ ಒಡೆಯಲು ಶುರುವಾಗುವುದು ಅಲ್ಲಿಂದ. ಸಣ್ಣ ಸರೋವರದಲ್ಲಿ ಗಾಳಿಗೆ ಓಡಲು ಅಷ್ಟು ಜಾಗ ಇರುವುದಿಲ್ಲ, ಹಾಗಾಗಿ ಬಿಳಿ ನೊರೆ ಏಳಲು ಇನ್ನೂ ಜೋರು ಬೇಕು. ನಾನು 25 ದಾಟುವ ಮುನ್ಸೂಚನೆ ಕಂಡರೆ ಹೊರಡುತ್ತೇನೆ. 50 ದಾಟಿದರೆ ಮನೆಯಲ್ಲೇ.

ಐದು ಮತ್ತು ಆರು: ಶಟರ್ ಜಗಳ

ನನಗೆ ಶಟರನ್ನು ತುಂಬ ಹೊತ್ತು ತೆರೆದಿಡುವ ದೀರ್ಘ ಎಕ್ಸ್‌ಪೋಶರ್ ಹುಚ್ಚು ಇತ್ತು. ಮೋಡ ಕವಿದಾಗ ಕ್ಯಾಮೆರಾದ ಬೆಳಕಿನ ಸೂಕ್ಷ್ಮತೆ, ಅಂದರೆ ಐಎಸ್‌ಒ 100, ಎಫ್/11ಕ್ಕೆ ಶಟರ್ 1/30 ಸೆಕೆಂಡಿನ ಆಸುಪಾಸು ಬರುತ್ತದೆ. ಅದಕ್ಕೆ 10 ಸ್ಟಾಪಿನ (ಒಂದೊಂದು ಸ್ಟಾಪಿಗೂ ಬೆಳಕು ಅರ್ಧವಾಗುತ್ತದೆ) ಕಪ್ಪು ಫಿಲ್ಟರ್ ಹಾಕಿದರೆ 30 ಸೆಕೆಂಡು ದಾಟುತ್ತದೆ. ನೀರು ಹಾಲಾಯಿತು, ಮೋಡ ಹತ್ತಿಯಾಯಿತು. ಬಿರುಗಾಳಿ ಮಾತ್ರ ಎಲ್ಲೋ ಹೋಯಿತು. ಕಿವಿ ಕಿತ್ತುಹೋಗುವಂಥ ಗಾಳಿಯಲ್ಲಿ ನಿಂತು ತೆಗೆದ ಫೋಟೋ ಧ್ಯಾನಮಂದಿರದ ಕ್ಯಾಲೆಂಡರ್ ಹಾಗಿತ್ತು.

ಆರನೇ ಸಲ ಒಂದೇ ಜಾಗದಲ್ಲಿ ಕೂತು ಶಟರ್ ಮಾತ್ರ ಬದಲಿಸುತ್ತಾ ಹೋದೆ. 1/500ರಲ್ಲಿ ಸಿಡಿದ ಹನಿಗಳು ಗಾಜಿನ ಚೂರಿನ ಹಾಗೆ ಗಾಳಿಯಲ್ಲೇ ನಿಂತವು. ಚೆನ್ನಾಗಿದೆ, ಆದರೆ ನೀರು ಸತ್ತ ಹಾಗೆ. 2 ಸೆಕೆಂಡಿಗೆ ಮಂಜು. ನಡುವೆ, 1/4ರಿಂದ 1/2ರಲ್ಲಿ, ಸಿಕ್ಕಿತು. ಬಂದ ಅಲೆ ಹಿಂದೆ ಸರಿಯುತ್ತದಲ್ಲ, ಆಗ ಉರುಟುಕಲ್ಲುಗಳ ಸಂದಿಯಲ್ಲಿ ನೊರೆ ಎಳೆ ಎಳೆಯಾಗಿ ಜಾರುತ್ತದೆ. ಪ್ರತಿ ಎಳೆಯೂ ಬೇರೆ ಬೇರೆ, ಒಂದು ಕಲ್ಲನ್ನು ಬಳಸಿ ಬಂದು ಇನ್ನೊಂದಕ್ಕೆ ಸೇರಿಕೊಳ್ಳುತ್ತದೆ. ನೀರು ಯಾವ ಕಡೆಗೆ ಹೋಗುತ್ತಿದೆ ಅಂತ ನೋಡಿದ ತಕ್ಷಣ ಗೊತ್ತಾಗುತ್ತದೆ. ಇದಕ್ಕೆ 3 ಸ್ಟಾಪಿನ ಫಿಲ್ಟರ್ ಸಾಕು, 1/30 ಇದ್ದದ್ದು 1/4 ಆಗುತ್ತದೆ. ಹತ್ತು ಸ್ಟಾಪಿನದು ಆಮೇಲೆ ಬ್ಯಾಗಿಗೇ ಹೋಗಿಲ್ಲ.

ಒತ್ತುವ ಹೊತ್ತೂ ಮುಖ್ಯ. ಅಲೆ ಬಡಿಯುವಾಗ ಒತ್ತಿದರೆ ಬಿಳಿ ಗೊಂದಲ. ಬಡಿದು, ಒಂದು ಉಸಿರು ಬಿಟ್ಟು, ವಾಪಸ್ ಹೊರಟಾಗ ಒತ್ತಬೇಕು.

ಪೋಲರೈಸರ್ ಬಗ್ಗೆ, ಅಂದರೆ ಹೊಳಪು ಅಳಿಸಲು ಲೆನ್ಸಿನ ಮುಂದೆ ಹಾಕಿ ತಿರುಗಿಸುವ ಫಿಲ್ಟರ್ ಬಗ್ಗೆ, ಒಂದು ತಕರಾರು. ನೀರಿನ ಫೋಟೋ ಅಂದರೆ ಅದು ಬೇಕೇ ಬೇಕು ಅನ್ನುತ್ತಾರೆ. ನೀರಿನ ಹೊಳಪು ಅದರಲ್ಲಿ ಅತಿ ಹೆಚ್ಚು ಅಳಿಯುವುದು ನಮ್ಮ ನೋಟ ನೀರಿನ ಮಟ್ಟಕ್ಕೆ ಸುಮಾರು 37 ಡಿಗ್ರಿ ಇದ್ದಾಗ. 1815ರಲ್ಲೇ ಬ್ರೂಸ್ಟರ್ ಕಂಡುಹಿಡಿದ ನಿಯಮ ಇದು. ಅಗಲದ ಲೆನ್ಸಿನಲ್ಲಿ ಒಂದೇ ಫ್ರೇಮಿನೊಳಗೆ ಎಷ್ಟೋ ಕೋನಗಳು ಇರುತ್ತವೆ, ಹಾಗಾಗಿ ನೀರಿನ ಒಂದು ಪಟ್ಟಿ ಕಪ್ಪಾಗಿ ಉಳಿದದ್ದು ಹೊಳೆಯುತ್ತದೆ. ಅದಿರಲಿ. ಮೋಡ ಕವಿದ ದಿನ ಆ ದೃಶ್ಯದಲ್ಲಿ ಇರುವ ಬೆಳಕೇ ನೀರಿನ ಮೇಲಿನ ಆ ಹೊಳಪು. ಅದನ್ನೂ ಒರೆಸಿಹಾಕಿದರೆ ಉಳಿಯುವುದೇನು? ಒದ್ದೆ ಬಂಡೆಯ ಬಣ್ಣ ಎದ್ದು ಬರಲಿ ಅಂತ ಒಂಚೂರು ತಿರುಗಿಸುತ್ತೇನೆ, ಪೂರ್ತಿ ಅಲ್ಲ.

ಏಳನೇ ಸಲ

ಫೋಟೋ ಇಲ್ಲ. ಕ್ಯಾಮೆರಾ ಹೊರಗೆ ತೆಗೆಯುವಷ್ಟರಲ್ಲಿ ಮಿಂಚಿತು. ಎಣಿಸಿದೆ, 20ಕ್ಕೆ ಗುಡುಗು. ಸದ್ದು ಒಂದು ಕಿಲೋಮೀಟರ್ ಬರಲು ಸುಮಾರು 3 ಸೆಕೆಂಡು ಬೇಕು, ಅಂದರೆ ಏಳು ಕಿಲೋಮೀಟರೂ ಇಲ್ಲ. 30ಕ್ಕಿಂತ ಕಡಿಮೆ ಬಂದರೆ ಜಾಗ ಖಾಲಿ ಮಾಡಬೇಕು, ಕೊನೆಯ ಗುಡುಗಿನಿಂದ ಅರ್ಧ ಗಂಟೆ ಕಾಯಬೇಕು. ಬಯಲು ದಡದಲ್ಲಿ ಲೋಹದ ಟ್ರೈಪಾಡ್ ಹಿಡಿದು ನಿಲ್ಲುವ ಹುಚ್ಚು ನನಗಿಲ್ಲ. ಕೆಳಗಿಳಿದೆ.

ಎಂಟನೇ ಸಲ

ಚಳಿ. ಸಾವಿರ ಮೀಟರ್ ಏರಿದರೆ ಸರಾಸರಿ ಆರೂವರೆ ಡಿಗ್ರಿ ಕಡಿಮೆಯಾಗುತ್ತದೆ ಅನ್ನುವುದು ಗೊತ್ತಿತ್ತು, ಆದರೂ ಬ್ಯಾಟರಿಗಳನ್ನು ಬ್ಯಾಗಿನ ಹೊರಜೇಬಿನಲ್ಲಿಟ್ಟಿದ್ದೆ. ತುಂಬಿದ ಬ್ಯಾಟರಿ ಕಣ್ಣೆದುರೇ ಕೆಂಪಿಗೆ ಇಳಿಯಿತು. ಅಂಗಿಯೊಳಗೆ ಇಟ್ಟು ಬಿಸಿ ಮಾಡಿದ ಮೇಲೆ ಮತ್ತೆ ಸ್ವಲ್ಪ ಹೊತ್ತು ಓಡಿತು. ವಾಪಸ್ ಬಂದು ಬೆಚ್ಚಗಿನ ಕೋಣೆಯಲ್ಲಿ ಬ್ಯಾಗು ತೆರೆದೆ. ನೋಡನೋಡುತ್ತಾ ಲೆನ್ಸಿನ ಮೇಲೆ ಆವಿ ಕೂತಿತು. ಹೊರಗಿರುವಾಗಲೇ ಚೀಲದಲ್ಲಿ ಬಿಗಿಯಾಗಿ ಕಟ್ಟಿ, ಒಳಗೆ ತಂದ ಮೇಲೆ ಒಂದೆರಡು ಗಂಟೆ ಮುಟ್ಟಬಾರದು. ಎಲ್ಲರಿಗೂ ಹೇಳುವವನು ನಾನೇ!

ನಿನ್ನೆ

ಮೂರು ಗಂಟೆ ಏನೂ ಇಲ್ಲ. ಬೂದು ಮೋಡ, ಬೂದು ಬೆಟ್ಟ, ಬೂದು ನೀರು. ಸುಮ್ಮನೆ ಕೂರದೆ ಫ್ರೇಮು ಕಟ್ಟಿಟ್ಟೆ. ಮುಂದೆ ಅರ್ಧ ಮುಳುಗಿದ ಕರಿ ಬಂಡೆ, ಬಲಕ್ಕೆ ಇಳಿಯುವ ಗುಡ್ಡದ ಸೆರಗು. ಫೋಕಸ್ ಬಂಡೆಯ ಮೇಲೆ ಇಟ್ಟು ಲಾಕ್ ಮಾಡಿದೆ. ಇಷ್ಟು ಮಾಡಿದ್ದೇ ಕೈಹಿಡಿಯಿತು.

ಆಚೆ ಬೆಟ್ಟದ ಹಿಂದೆ ಮೋಡ ಹರಿಯಿತು. ಒಂದು ಬಿಸಿಲುಕೋಲು ಇಳಿಜಾರಿನ ಮೇಲೆ ಬಿದ್ದು ಎಡದಿಂದ ಬಲಕ್ಕೆ ನಡೆಯತೊಡಗಿತು. ಅದು ಹೋದಲ್ಲೆಲ್ಲ ಹುಲ್ಲು ಹಳದಿ, ಸುತ್ತಲೂ ಕಬ್ಬಿಣದ ಬಣ್ಣ. ಬಿಸಿಲು ಬಿದ್ದ ಜಾಗ ಸುಟ್ಟುಹೋಗದ ಹಾಗೆ ಎಕ್ಸ್‌ಪೋಶರ್ ಇಳಿಸಿದೆ. ಕಪ್ಪಿನಿಂದ ಬಿಳಿಯವರೆಗೆ ಬೆಳಕಿನ ಹಂಚಿಕೆ ತೋರಿಸುವ ನಕ್ಷೆ, ಹಿಸ್ಟೋಗ್ರಾಮ್, ಅದರ ಬಲ ತುದಿ ಗೋಡೆಗೆ ತಾಗಲಿಲ್ಲ. ಆಕಾಶಕ್ಕೆ ಮಾತ್ರ ಕಪ್ಪು ಕೊಡುವ ಅರ್ಧ ಫಿಲ್ಟರ್ ಬಳಸಲಿಲ್ಲ, ಅದು ಶಿಖರದ ತಲೆಯನ್ನೂ ಕಪ್ಪಾಗಿಸುತ್ತದೆ. ಒಟ್ಟು ನಾಲ್ಕು ನಿಮಿಷ, 41 ಫೋಟೋ. ಇಪ್ಪತ್ತರಲ್ಲಿ ಹನಿ ಕೂತಿತ್ತು. ಬಿಸಿಲು ಸರಿಯಾದ ಜಾಗದಲ್ಲಿದ್ದು ಅಲೆಯೂ ವಾಪಸ್ ಹೊರಟಿದ್ದು ಒಂದರಲ್ಲೇ. ಅದು ನಾಲ್ಕನೆಯದು.

ರಾತ್ರಿಯೇ ಎಡಿಟ್ ಮಾಡಿದೆ. ಉತ್ಸಾಹದಲ್ಲಿ ಕಾಂಟ್ರಾಸ್ಟ್ ಎಳೆದು ಮೋಡವನ್ನು ಮಸಿ ಮಾಡಿಟ್ಟಿದ್ದೆ. ಬೆಳಿಗ್ಗೆ ನೋಡಿ ನಾಚಿಕೆಯಾಯಿತು, ಅರ್ಧಕ್ಕಿಂತ ಕೆಳಗೆ ಇಳಿಸಿದೆ. ಬೆಳಕಿನ ಬಣ್ಣವನ್ನು ತಾನೇ ಸರಿಪಡಿಸುವ ಆಟೋ ವೈಟ್ ಬ್ಯಾಲೆನ್ಸ್ ಆ ತಣ್ಣನೆಯ ನೀಲಿಯನ್ನು ತೆಗೆದುಹಾಕಿತ್ತು. 5200 ಕೆಲ್ವಿನ್ನಿಗೆ ತಂದಾಗ ವಾಪಸ್ ಬಂತು.

ಬಾಕಿ ಎಂಟು. ಬಲದಂಡೆಗೆ ಇನ್ನೂ ಹೋಗಿಲ್ಲ, ಮಳೆ ಬಂದರೆ ಅಡ್ಡ ಬರುವ ತೊರೆ ದಾಟಲು ಆಗಲ್ಲ. ಮಳೆಯಿಲ್ಲದೆ ಗಾಳಿ ಮಾತ್ರ ಇರುವ ದಿನ ನೋಡಬೇಕು. ಅದಕ್ಕೂ ಮುಂಚೆ ಟ್ರೈಪಾಡ್. ಒಂದು ಕಾಲಿನೊಳಗೆ ಮರಳು ಹೋಗಿ ಕರಕರ ಅನ್ನುತ್ತಿದೆ, ಇವತ್ತು ರಾತ್ರಿ ಬಿಚ್ಚಿ ತೊಳೆಯಬೇಕು.